ಸಿಗಡಿಯ ಕಣ್ಣಿನ ಚೌಕಗಳು

ಸಿಗಡಿ ಶುಚಿ ಮಾಡುವವರು ಮೊದಲು ಅದರ ತಲೆ ಕಿತ್ತು ಬಿಸಾಡುತ್ತಾರೆ. ನಾನು ಆ ತಲೆಗಳನ್ನೇ ಕೇಳಿ ತರುತ್ತಿದ್ದೆ. ಕುಂದಾಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ, ಬಿ.ಎಸ್ಸಿ. ಮಕ್ಕಳಿಗೆ ಪ್ರಾಕ್ಟಿಕಲ್ ಇರುವ ದಿನ ಬೆಳಿಗ್ಗೆಯೇ ಮೀನು ಮಾರ್ಕೆಟ್ಟಿಗೆ ಹೋಗುವುದು ನನ್ನ ರೂಢಿ. “ಚಟ್ಲಿ ಬಿಟ್ಟು ಬರೀ ತಲೆ ಎಂತಕ್ಕೆ ಮರಾಯ್ರೆ ನಿಮ್ಗೆ?” ಎಂದು ಬುಟ್ಟಿಯ ಹಿಂದೆ ಕುಳಿತ ಅಕ್ಕ ಕೇಳುತ್ತಿದ್ದರು. ಕೇಳಿದರೂ ತೊಟ್ಟೆ ತುಂಬ ಕೊಡುತ್ತಿದ್ದರು, ದುಡ್ಡು ಮುಟ್ಟುತ್ತಿರಲಿಲ್ಲ.

ಸಿಗಡಿಯ ಕಣ್ಣು ಪುಟ್ಟ ದಂಟೊಂದರ ತುದಿಯಲ್ಲಿ ಕಪ್ಪಗೆ ಉಬ್ಬಿಕೊಂಡಿರುತ್ತದೆ. ಅದರ ಮೇಲ್ಪೊರೆಯನ್ನು ಬ್ಲೇಡಿನಿಂದ ತೆಳ್ಳಗೆ ಹೆರೆದು, ಒಳಗಿನ ಕಪ್ಪನ್ನು ಬ್ರಷ್‌ನಿಂದ ತೊಳೆದು, ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಇಟ್ಟರೆ ಸಾಕು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಹುಡುಗಿಯರು ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ಜೇನು, ನೊಣ, ಜಿರಳೆ ಹೀಗೆ ಪಠ್ಯಪುಸ್ತಕದ ಯಾವ ಚಿತ್ರದಲ್ಲಿ ನೋಡಿದರೂ ಸಂಯುಕ್ತ ಕಣ್ಣು ಎಂದರೆ ಆರು ಮೂಲೆಯ ಬಿಲ್ಲೆಗಳ ಜೋಡಣೆ. ಇಲ್ಲಿ ಕಾಣುವುದು ಗ್ರಾಫ್ ಹಾಳೆ. ಸಾಲು ಸಾಲು ಚೌಕಗಳು, ಅಂಚಿಗೆ ಅಂಚು ಕೂಡಿಕೊಂಡು.

ಪ್ರಕೃತಿಯಲ್ಲಿ ಚೌಕ ಅಪರೂಪ. ಒತ್ತೊತ್ತಾಗಿ ಬೆಳೆಯುವ ಕೋಶಗಳು ತಾವಾಗಿಯೇ ಆರು ಮೂಲೆಗೆ ಹೊಂದಿಕೊಳ್ಳುತ್ತವೆ. ಅಂಥದ್ದರಲ್ಲಿ ಒಂದು ಪ್ರಾಣಿ ತನ್ನ ಕಣ್ಣಿಗೆ ಚೌಕವನ್ನು ಹಿಡಿದಿದೆ ಎಂದರೆ ಅದಕ್ಕೆ ಬಲವಾದ ಕಾರಣ ಇರಲೇಬೇಕು. ಆ ಕಾರಣ ಸಿಕ್ಕಿದ್ದು 1970ರ ದಶಕದಲ್ಲಿ.

ಅದಕ್ಕೂ ಹಿಂದಿನ ಕಥೆಯನ್ನು ಸ್ವಲ್ಪ ಹೇಳಬೇಕು. ಹಗಲಿನಲ್ಲಿ ದುಡಿಯುವ ಜೇನುಹುಳುವಿನ ಒಂದೊಂದು ಕಣ್ಣಿನಲ್ಲೂ ಸುಮಾರು 5,000 ಬಿಲ್ಲೆಗಳಿವೆ. ಪ್ರತಿ ಬಿಲ್ಲೆಯೂ ತನಗೆ ಬಿದ್ದ ಬೆಳಕನ್ನು ನೇರ ತನ್ನ ಕೆಳಗಿನ ಕೋಶಗಳಿಗೆ ಮಾತ್ರ ಇಳಿಸುತ್ತದೆ, ಪಕ್ಕದವರಿಗೆ ಕೊಡುವುದಿಲ್ಲ. ಬಿಸಿಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕತ್ತಲಲ್ಲಿ ಅಷ್ಟು ಕಿರಿದಾದ ಬಿಲ್ಲೆಯ ಮೂಲಕ ಬರುವ ಬೆಳಕು ಯಾವುದಕ್ಕೂ ಸಾಲದು. ಮಿಂಚುಹುಳು ಇದಕ್ಕೆ ಬೇರೆ ದಾರಿ ಕಂಡುಕೊಂಡಿದೆ: ನೂರಾರು ಬಿಲ್ಲೆಗಳ ಬೆಳಕನ್ನು ಒಳಗೆ ಒಂದೇ ಬಿಂದುವಿನಲ್ಲಿ ಕೂಡಿಸುತ್ತದೆ. ವಿಯೆನ್ನಾದ ಶರೀರಶಾಸ್ತ್ರಜ್ಞ ಸಿಗ್ಮಂಡ್ ಎಕ್ಸ್‌ನರ್ ಇದನ್ನು 1891ರಲ್ಲಿ ವಿವರಿಸಿದರು. ಮಿಂಚುಹುಳುವಿನ ಕಣ್ಣಿನ ಮೂಲಕವೇ ಅವರು ತೆಗೆಸಿದ ಫೋಟೋ ಈಗಲೂ ಪುಸ್ತಕಗಳಲ್ಲಿ ಅಚ್ಚಾಗುತ್ತದೆ. ಒಂದು ಕಿಟಕಿ, ಗಾಜಿಗೆ ಅಂಟಿಸಿದ ‘ಆರ್’ ಅಕ್ಷರ, ಆಚೆ ಒಂದು ಚರ್ಚು, ಎಲ್ಲವೂ ನೆಟ್ಟಗೆ. ನಮ್ಮ ಕಣ್ಣೊಳಗಿನ ಚಿತ್ರ ತಲೆಕೆಳಗು. ಮಿಂಚುಹುಳುವಿನದು ನೆಟ್ಟಗಿನ ಚಿತ್ರ.

ಸಿಗಡಿಯೂ ಮಬ್ಬಿನಲ್ಲಿ ಬದುಕುವ ಪ್ರಾಣಿ. ಅದೂ ಬೆಳಕನ್ನು ಕೂಡಿಸಲೇಬೇಕು. ಆದರೆ ಮಿಂಚುಹುಳುವಿನ ಬಿಲ್ಲೆಯ ಕೆಳಗಿರುವ, ಬೆಳಕನ್ನು ಬಗ್ಗಿಸುವ ಗಟ್ಟಿ ಮಸೂರ ಸಿಗಡಿಯಲ್ಲಿಲ್ಲ. ಅಲ್ಲಿರುವುದು ನೀರಿನಂಥ ಮೆತ್ತನೆಯ ಪದಾರ್ಥ, ಅದರಿಂದ ಬೆಳಕು ಬೇಕಾದಷ್ಟು ಬಾಗದು. ಹಾಗಾದರೆ ಈ ಕಣ್ಣು ಕೆಲಸ ಮಾಡುವುದಾದರೂ ಹೇಗೆ? ಜರ್ಮನಿಯ ಕ್ಲೌಸ್ ಫೋಗ್ಟ್ 1975ರಲ್ಲಿ ಸಿಹಿನೀರಿನ ಕ್ರೇಫಿಶ್‌ನಲ್ಲೂ, ಬ್ರಿಟನ್ನಿನ ಮೈಕೆಲ್ ಲ್ಯಾಂಡ್ 1976ರಲ್ಲಿ ಸಿಗಡಿಯಲ್ಲೂ ಉತ್ತರ ಕಂಡರು. ಅಲ್ಲಿ ಮಸೂರವಿಲ್ಲ, ಕನ್ನಡಿಯಿದೆ. ಪ್ರತಿ ಚೌಕದ ಕೆಳಗೂ ಒಂದು ಚಚ್ಚೌಕ ಕೊಳವೆ, ಅದರ ನಾಲ್ಕೂ ಗೋಡೆಗಳು ಹೊಳೆಯುವ ಕನ್ನಡಿಗಳು. ಓರೆಯಾಗಿ ಬಂದ ಬೆಳಕು ಗೋಡೆಗೆ ತಾಗಿ ಪುಟಿದು ಒಳಗಿನ ಅಕ್ಷಿಪಟಕ್ಕೆ ಇಳಿಯುತ್ತದೆ.

ಚೌಕವೇ ಏಕೆ ಬೇಕಾಯಿತು ಎನ್ನುವುದು ಇಲ್ಲಿ ಬಿಡಿಸಿಕೊಳ್ಳುತ್ತದೆ. ಎರಡು ಕನ್ನಡಿಗಳನ್ನು ಲಂಬಕೋನದಲ್ಲಿ ಕೂಡಿಸಿ, ಆ ಮೂಲೆಗೆ ಟಾರ್ಚ್ ಬಿಡಿ. ಬೆಳಕು ಎರಡೂ ಕನ್ನಡಿಗಳಿಗೆ ಒಂದೊಂದು ಸಲ ತಾಗಿ ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಮೂಲೆಯನ್ನು ಸ್ವಲ್ಪ ಆಚೀಚೆ ತಿರುಗಿಸಿದರೂ ಫಲ ಅದೇ. ಮೇಲಿನಿಂದ ಕೊಳವೆಯೊಳಗೆ ಇಳಿಯುವ ಬೆಳಕಿಗೂ ಇದೇ ನಿಯಮ: ಮುಂದಕ್ಕೆ ಸಾಗುತ್ತಲೇ, ಅಡ್ಡಡ್ಡವಾಗಿ ಬಂದಷ್ಟನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತದೆ. ಹೀಗಾಗಿ ಉಬ್ಬಿದ ಕಣ್ಣಿನ ಮೇಲೆ ಬೇರೆ ಬೇರೆ ಕಡೆ ಮುಖಮಾಡಿರುವ ನೂರಾರು ಕೊಳವೆಗಳ ಬೆಳಕು ತಪ್ಪದೆ ಒಂದೇ ಬಿಂದುವನ್ನು ಸೇರುತ್ತದೆ. ಷಡ್ಭುಜದ ಮೂಲೆ 120 ಡಿಗ್ರಿ. ಅಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ನನಗೆ ತುಂಬ ಹಿಡಿಸಿದ ಸಂಗತಿ ಎಂದರೆ, ಸಿಗಡಿಯ ಮರಿಗಳ ಕಣ್ಣಿನ ಬಿಲ್ಲೆಗಳು ಆರು ಮೂಲೆಯವೇ. ಬೆಳಕಿರುವ ಮೇಲ್ನೀರಿನಲ್ಲಿ ತೇಲುವ ಅವುಗಳಿಗೆ ಬೆಳಕನ್ನು ಕೂಡಿಸುವ ಅಗತ್ಯವಿಲ್ಲ. ದೊಡ್ಡದಾಗಿ ರೂಪ ಬದಲಿಸುವ ಹೊತ್ತಿಗೆ ಕಣ್ಣು ತನ್ನನ್ನು ತಾನೇ ಕಟ್ಟಿಕೊಂಡು ಚೌಕವಾಗುತ್ತದೆ.

ಈ ಚೌಕ ಕೊಳವೆಯ ಉಪಾಯ ಅಡುಗೆಮನೆಯ ಕಸದಬುಟ್ಟಿಯಿಂದ ಆಕಾಶಕ್ಕೂ ಹೋಗಿದೆ. ಕ್ಷ-ಕಿರಣವನ್ನು ಗಾಜಿನ ಮಸೂರದಿಂದ ಒಂದೆಡೆ ಸೇರಿಸಲಾಗದು. ತೀರಾ ಓರೆಯಾಗಿ ಸವರಿಕೊಂಡು ಹೋದರೆ ಮಾತ್ರ ಅದು ಕನ್ನಡಿಯಿಂದ ಪುಟಿಯುತ್ತದೆ. 1979ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಖಗೋಳಜ್ಞ ರೋಜರ್ ಏಂಜೆಲ್, ಸಿಗಡಿಯಂಥದೇ ಕಣ್ಣುಳ್ಳ ಲಾಬ್‌ಸ್ಟರ್‌ನ ಮಾದರಿಯಲ್ಲಿ ಚೌಕ ಕೊಳವೆಗಳನ್ನು ಗೋಳದ ಮೇಲೆ ಜೋಡಿಸಿದರೆ ಆಕಾಶದ ದೊಡ್ಡ ಭಾಗವನ್ನು ಒಟ್ಟಿಗೇ ಕಾಯುವ ದೂರದರ್ಶಕ ಮಾಡಬಹುದು ಎಂದು ಬರೆದರು. ಅಷ್ಟು ಸಣ್ಣ ಕೊಳವೆಗಳನ್ನು ಮಾಡುವ ಕೈಚಳಕ ಬರಲು ದಶಕಗಳು ಬೇಕಾದವು. 2024ರ ಜನವರಿ 9ರಂದು ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್ ಉಪಗ್ರಹದಲ್ಲಿ ಇಂಥ 12 ಕಣ್ಣುಗಳಿವೆ. ಇದ್ದಕ್ಕಿದ್ದಂತೆ ಸಿಡಿಯುವ ನಕ್ಷತ್ರಗಳನ್ನು, ನಕ್ಷತ್ರವನ್ನು ನುಂಗುವ ಕಪ್ಪುಕುಳಿಗಳನ್ನು ಹಿಡಿಯುವುದು ಅದರ ಕೆಲಸ.

ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು: “ಮೇಡಂ, ಎಲ್ಲಕ್ಕಿಂತ ಒಳ್ಳೆ ಕಣ್ಣು ಯಾವ ಪ್ರಾಣಿಯದ್ದು?” ನಾನು ತಿರುಗಿ ಕೇಳುತ್ತಿದ್ದೆ, ಏನು ಮಾಡುವುದಕ್ಕೆ? ಬೆನ್ನುಮೂಳೆಯಿಲ್ಲದ ಪ್ರಾಣಿಗಳ ಕಣ್ಣುಗಳನ್ನು ಇಷ್ಟು ಕಾಲ ನೋಡಿದ ಮೇಲೆ ನನಗೆ ಅನ್ನಿಸುವುದು ಇದೇ. ನಮ್ಮ ಕಣ್ಣನ್ನು ಅಳತೆಗೋಲಾಗಿ ಹಿಡಿದು ಹೊರಟರೆ ಅವೆಲ್ಲ ಅರೆಬರೆ ಕಣ್ಣುಗಳಾಗಿ ಕಾಣುತ್ತವೆ. ಆ ಪ್ರಾಣಿಗೆ ಕಣ್ಣಿನಿಂದ ಆಗಬೇಕಾದ ಕೆಲಸವೇನು ಎಂದು ಕೇಳಿದರೆ ಒಂದೊಂದೂ ತನ್ನ ಲೆಕ್ಕದಲ್ಲಿ ಪೂರ್ಣ.

ಗಂಗೊಳ್ಳಿಯ ಕಡೆ, ಪಂಚಗಂಗಾವಳಿಯ ಕಾಂಡ್ಲಾ ಗಿಡಗಳ ಅಂಚಿನ ಕೆಸರಿನಲ್ಲಿ, ಇಳಿತದ ಹೊತ್ತಿಗೆ ಸಣ್ಣ ಏಡಿಗಳು ಬಿಲದಿಂದ ಹೊರಬರುತ್ತವೆ. ಗಂಡಿಗೆ ಒಂದು ಕೊಂಬು ಮಾತ್ರ ದೊಡ್ಡದು, ಅದನ್ನು ಎತ್ತಿ ಎತ್ತಿ ಬೀಸುತ್ತಿರುತ್ತದೆ. ಅವುಗಳ ಕಣ್ಣು ಉದ್ದನೆಯ ದಂಟಿನ ಮೇಲೆ ನೆಟ್ಟಗೆ ನಿಂತಿದೆ. ಆ ಎತ್ತರಕ್ಕೆ ಅರ್ಥವಿದೆ. ಕೆಸರಿನ ಬಯಲು ಚಪ್ಪಟೆಯಾದ್ದರಿಂದ, ತನ್ನ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಕಾಣುವುದೆಲ್ಲ ತನ್ನಷ್ಟೇ ಎತ್ತರದ ಏಡಿಗಳು: ನೆರೆಯವರು, ಹೆಣ್ಣು, ಎದುರಾಳಿ. ದಿಗಂತದ ಗೆರೆಯನ್ನು ದಾಟಿ ಮೇಲೆ ಚಲಿಸುವುದು ಏನಿದ್ದರೂ ತನಗಿಂತ ದೊಡ್ಡದು, ಹಾಗಾಗಿ ಹಕ್ಕಿಯೇ ಇರಬೇಕು. ಪ್ರಯೋಗದಲ್ಲಿ ಕಪ್ಪು ಚೌಕವೊಂದನ್ನು ಆ ಮಟ್ಟದ ಮೇಲೆ ಚಲಿಸಿದಾಗ ಏಡಿಗಳು ಓಡಿದವು, ಅದನ್ನೇ ಕೆಳಗೆ ಚಲಿಸಿದಾಗ ಹಾಗೆ ಓಡಲಿಲ್ಲ. ಬಂದದ್ದು ಯಾವ ಹಕ್ಕಿ ಎಂದು ಗುರುತಿಸುತ್ತ ನಿಂತರೆ ಏಡಿಗೆ ಉಳಿಗಾಲವಿಲ್ಲ. ಗೆರೆಯ ಮೇಲೋ ಕೆಳಗೋ ಎಂಬಷ್ಟು ಗೊತ್ತಾದರೆ ಬದುಕಿತು. ಅದರ ಕಣ್ಣು ಅತಿ ಸೂಕ್ಷ್ಮವಾಗಿ ನೋಡುವುದೂ ದಿಗಂತದ ಸುತ್ತಲಿನ ಆ ಕಿರಿದಾದ ಪಟ್ಟಿಯನ್ನೇ.

ಕನ್ನಡಿಯ ಮಾತು ಬಂದಿರುವಾಗ ಸ್ಕ್ಯಾಲಪ್ ಎಂಬ ಚಿಪ್ಪುಪ್ರಾಣಿಯನ್ನು ಬಿಡುವಂತಿಲ್ಲ. ಬೀಸಣಿಗೆಯಾಕಾರದ ಎರಡು ಚಿಪ್ಪುಗಳ ನಡುವಿನ ಅಂಚಿನಲ್ಲಿ ಇನ್ನೂರರವರೆಗೆ ಕಣ್ಣುಗಳು, ಒಂದೊಂದೂ ಮಿಲಿಮೀಟರಿನ ಆಸುಪಾಸು. ಸಿಗಡಿಯ ಕನ್ನಡಿ ಕಂಡ ಅದೇ ಮೈಕೆಲ್ ಲ್ಯಾಂಡ್, ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಸ್ಕ್ಯಾಲಪ್ಪಿನ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಒಳಗೆ ತಮ್ಮದೇ ಪ್ರತಿಬಿಂಬ ತಲೆಕೆಳಗಾಗಿ ಕಂಡಿತು. ಮಸೂರದ ಕಣ್ಣಿನಲ್ಲಿ ಹಾಗೆ ಕಾಣಲು ಸಾಧ್ಯವಿಲ್ಲ. ಚಿತ್ರ ಮೂಡಿಸುತ್ತಿರುವುದು ಹಿಂಬದಿಯ ತಗ್ಗು ಕನ್ನಡಿ ಎಂದು ಅವರು 1965ರಲ್ಲಿ ಬರೆದರು. ಬೆಳಕು ಮೊದಲು ಅಕ್ಷಿಪಟವನ್ನು ಹಾಯ್ದು ಹಿಂದೆ ಹೋಗಿ, ಕನ್ನಡಿಗೆ ತಾಗಿ, ಮರಳಿ ಬರುವಾಗ ಚಿತ್ರವಾಗುತ್ತದೆ. ಈ ಕನ್ನಡಿ ಗ್ವಾನಿನ್ ಹರಳುಗಳದ್ದು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ, ಮೀನಿನ ಹುರುಪೆಗೆ ಬೆಳ್ಳಿ ಹೊಳಪು ಕೊಡುವ ಪದಾರ್ಥವೇ ಇದು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2017ರಲ್ಲಿ ಆ ಹರಳುಗಳನ್ನು ಹತ್ತಿರದಿಂದ ನೋಡಿದಾಗ, ಸಿಗಡಿಯ ಕಣ್ಣಿನಲ್ಲಿ ಕಂಡ ಆಕಾರವೇ ಇಲ್ಲೂ ಎದುರಾಯಿತು: ಸಾವಿರದ ಒಂದಂಶ ಮಿಲಿಮೀಟರಿನ ಚೌಕ ಬಿಲ್ಲೆಗಳು, ಸಂದಿಲ್ಲದಂತೆ ಹಾಸಿ 20ರಿಂದ 30 ಪದರ ಏರಿಸಿದವು. ಗ್ವಾನಿನ್ ತಾನಾಗಿ ಚೌಕವಾಗಿ ಹರಳುಗಟ್ಟುವುದಿಲ್ಲ. ಪ್ರಾಣಿಯೇ ಅದನ್ನು ಹಾಗೆ ಬೆಳೆಸುತ್ತದೆ. ಇಷ್ಟೆಲ್ಲ ಕಣ್ಣುಗಳಿಂದ ಆಗುವ ಕೆಲಸವೇನು? ನೆರಳು ಹತ್ತಿರ ಬಂದರೆ ಚಿಪ್ಪು ಮುಚ್ಚುವುದು ಒಂದು. ನೀರಿನಲ್ಲಿ ತೇಲುವ ಕಣಗಳ ಚಿತ್ರವನ್ನು ಪರದೆಯ ಮೇಲೆ ತೋರಿಸಿದಾಗ ಅವು ಚಿಪ್ಪನ್ನು ಇನ್ನಷ್ಟು ತೆರೆದದ್ದೂ ಉಂಟು, ಊಟ ಬರುತ್ತಿದೆ ಎಂಬಂತೆ.

ಇಂಥ ಲೇಖನಗಳಲ್ಲಿ ತಪ್ಪದೆ ಬರುವ ಹೆಸರು ಮ್ಯಾಂಟಿಸ್ ಸಿಗಡಿಯದು. ನಮ್ಮ ಮೂರೇ ಬಗೆಯ ಬಣ್ಣಗ್ರಾಹಿಗಳ ಎದುರು ಅದಕ್ಕೆ ಹನ್ನೆರಡು, ಹಾಗಾಗಿ ನಾವು ಊಹಿಸಲಾರದಷ್ಟು ಬಣ್ಣಗಳನ್ನು ಅದು ನೋಡುತ್ತದೆ ಎಂದು ಹೇಳುವುದು ರೂಢಿ. 2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಹಾನೆ ಥೋಯೆನ್ ಮತ್ತು ಜೊತೆಗಾರರು ಅದನ್ನೇ ಕೇಳಿ ನೋಡಿದರು. ಎರಡು ಬಣ್ಣ ತೋರಿಸಿ, ಸರಿಯಾದದ್ದನ್ನು ಆರಿಸಿದರೆ ತಿಂಡಿ. ಹತ್ತಿರ ಹತ್ತಿರದ ಬಣ್ಣಗಳನ್ನು ಬೇರ್ಪಡಿಸುವುದರಲ್ಲಿ ಅದು ನಮಗಿಂತ ಎಷ್ಟೋ ಹಿಂದೆ ಉಳಿಯಿತು. ಹನ್ನೆರಡು ಗ್ರಾಹಿಗಳನ್ನು ಒಂದಕ್ಕೊಂದು ಹೋಲಿಸುವ ಗೋಜಿಗೆ ಹೋಗದೆ, ಯಾವುದು ಮಿಡಿಯಿತು ಎಂಬುದರಿಂದಲೇ ಬಣ್ಣವನ್ನು ತಟ್ಟನೆ ಗುರುತಿಸುತ್ತದೆ ಎಂಬುದು ಅವರ ವಿವರಣೆ. ಕ್ಷಣಾರ್ಧದಲ್ಲಿ ಗುದ್ದಿ ಬೇಟೆಯಾಡುವ ಪ್ರಾಣಿಗೆ ಅದು ಒಪ್ಪುವ ದಾರಿ. ಇನ್ನೊಂದು ಮಾತು: ಆ ಹನ್ನೆರಡು ಗ್ರಾಹಿಗಳು ಹವಳದ ದಿಬ್ಬಗಳ ತಿಳಿನೀರಿನ ಬಳಗದವು. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳ ಬಲೆಗೆ ರಾಶಿರಾಶಿ ಬಂದು ಮೀನುಹಿಟ್ಟಿನ ಪಾಲಾಗುವ ನಮ್ಮ ಕರಾವಳಿಯ ಜಾತಿ ಕೆಸರುನೀರಿನದು, ಬಣ್ಣಗ್ರಾಹಿಗಳಿರಬೇಕಾದ ಅದರ ಕಣ್ಣಿನ ನಡುಪಟ್ಟಿಯಲ್ಲಿ ಆರರ ಬದಲು ಎರಡೇ ಸಾಲು. ಬಣ್ಣವೇ ತಲುಪದ ನೀರಿನಲ್ಲಿ ಹನ್ನೆರಡನ್ನು ಇಟ್ಟುಕೊಂಡು ಏನು ಮಾಡುವುದು?

ಕಡಿಮೆಯಲ್ಲಿ ಎಷ್ಟು ನಡೆಯುತ್ತದೆ ಎಂದು ನೋಡಬೇಕಾದರೆ ಕೆರಿಬಿಯನ್ ಸಮುದ್ರದ ಕಾಂಡ್ಲಾ ಕಾಡುಗಳಿಗೆ ಹೋಗಬೇಕು. ಅಲ್ಲಿನ ‘ಟ್ರೈಪೆಡಾಲಿಯ’ ಎಂಬ ಪೆಟ್ಟಿಗೆಯಾಕಾರದ ಜೆಲ್ಲಿಫಿಶ್ ಬೆರಳುಗುರಿನಷ್ಟು ದೊಡ್ಡದು. ಅದಕ್ಕೆ 24 ಕಣ್ಣು. ಮಿದುಳಿಲ್ಲ. ಮೈಯ ನಾಲ್ಕು ಬದಿಗೆ ನಾಲ್ಕು ಪುಟ್ಟ ದಂಟು, ಒಂದೊಂದರಲ್ಲಿ ಆರು ಕಣ್ಣು. ಅವುಗಳಲ್ಲಿ ಎರಡಕ್ಕೆ ನಮ್ಮದರಂತೆಯೇ ಮಸೂರವಿದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಡಾನ್-ಎರಿಕ್ ನಿಲ್ಸನ್ ತಂಡ 2005ರಲ್ಲಿ ಆ ಮಸೂರವನ್ನು ಅಳೆದಾಗ ಅದು ಬಹಳ ನಿಖರವಾಗಿತ್ತು, ಆದರೆ ಅಕ್ಷಿಪಟ ಮಾತ್ರ ಚಿತ್ರ ಕೂಡುವ ಜಾಗಕ್ಕಿಂತ ಹತ್ತಿರದಲ್ಲಿತ್ತು. ಅಂದರೆ ಜೆಲ್ಲಿಫಿಶ್‌ಗೆ ಕಾಣುವುದು ಮಸುಕು ಚಿತ್ರ. ಆ ಮಸುಕಿನಿಂದ ಅದಕ್ಕೆ ಅನುಕೂಲವೇ. ನೀರಿನಲ್ಲಿ ತೇಲುವ ಕಸಕಡ್ಡಿಗಳೆಲ್ಲ ಅಳಿಸಿಹೋಗಿ, ಬೇರುಗಳಂಥ ದಪ್ಪ ಆಕಾರಗಳಷ್ಟೇ ಉಳಿಯುತ್ತವೆ.

ಪ್ರತಿ ದಂಟಿನ ತುದಿಗೂ ಭಾರದ ಹರಳೊಂದು ಅಂಟಿಕೊಂಡಿದೆ. ಮೈ ಹೇಗೆ ಹೊರಳಿದರೂ ದಂಟು ನೆಟ್ಟಗೇ ತೂಗುತ್ತದೆ, ಒಂದು ಮಸೂರದ ಕಣ್ಣು ಸದಾ ಮೇಲಕ್ಕೇ ನೋಡುತ್ತದೆ. ನೋಡುವುದೇನನ್ನು? ನೀರಿನ ಮೇಲ್ಮೈಯ ಆಚೆಗಿನ ಮರಗಳ ಹಂದರವನ್ನು. ಇದರ ಆಹಾರವಾದ ಸೂಕ್ಷ್ಮ ಪ್ರಾಣಿಗಳು ಬೇರುಗಳ ನಡುವೆ ಬೀಳುವ ಬೆಳಕಿನ ಕೋಲುಗಳಲ್ಲಿ ಸೇರುತ್ತವೆ, ಕಾಡು ಬಿಟ್ಟು ಬಯಲುನೀರಿಗೆ ಹೋದರೆ ಉಪವಾಸ. 2011ರ ಪ್ರಯೋಗದಲ್ಲಿ, ಸುಮಾರು 8 ಮೀಟರ್ ದೂರದಿಂದಲೂ ಅವು ಮರದ ಹಂದರ ನೋಡಿ ದಡದ ಕಡೆಗೇ ಈಜಿದವು. ಇನ್ನೂ ಮುಂದೆ, 2023ರಲ್ಲಿ ಅವು ಕಲಿಯುತ್ತವೆ ಎಂಬುದೂ ಗೊತ್ತಾಯಿತು. ಬೇರುಗಳನ್ನು ಹೋಲುವ ಬೂದು-ಬಿಳಿ ಪಟ್ಟೆಗಳ ತೊಟ್ಟಿಯಲ್ಲಿ ಬಿಟ್ಟಾಗ ಮೊದಮೊದಲು ಗೋಡೆಗೆ ಡಿಕ್ಕಿ ಹೊಡೆದವು, 7.5 ನಿಮಿಷ ಕಳೆಯುವಷ್ಟರಲ್ಲಿ ದೂರದಿಂದಲೇ ತಿರುಗತೊಡಗಿದವು. ಮಿದುಳಿಲ್ಲದ ಪ್ರಾಣಿ ಪಾಠ ಕಲಿಯುತ್ತದೆ ಎಂದು ಓದಿದ ದಿನ ನಾನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ಹೇಳಿದ್ದೆ. ಅಷ್ಟು ಸಂತೋಷವಾಗಿತ್ತು.

ಸಮುದ್ರಕ್ಕೆ ಹೋಗಲಾಗದವರಿಗೆ ಮನೆಯ ಗೋಡೆಯೇ ಸಾಕು. ಬಲೆ ಕಟ್ಟದೆ, ನೊಣದ ಹಿಂದೆ ಹೆಜ್ಜೆ ಹೆಜ್ಜೆಯಾಗಿ ಹೋಗಿ ನೆಗೆಯುವ ಕಿರು ಜೇಡವನ್ನು ಎಲ್ಲರೂ ನೋಡಿರುತ್ತಾರೆ. ನೀವು ಹತ್ತಿರ ಹೋದರೆ ಅದು ತಿರುಗಿ ನಿಮ್ಮನ್ನೇ ನೋಡುತ್ತದೆ. ಬೇರೆ ಯಾವ ಕಿರುಜೀವಿಯೂ ಹಾಗೆ ಎದುರು ನಿಂತು ನೋಡಿದ್ದು ನನಗೆ ನೆನಪಿಲ್ಲ. ಎಂಟು ಕಣ್ಣುಗಳಲ್ಲಿ ಆರು ಸುತ್ತಲಿನ ಚಲನೆಯನ್ನು ಹಿಡಿಯಲು. ಏನೋ ಅಲುಗಿತು ಎಂದು ಅವು ತಿಳಿಸಿದರೆ, ಮುಂದಿನ ಎರಡು ದೊಡ್ಡ ಕಣ್ಣುಗಳು ಆ ಕಡೆ ತಿರುಗಿ ಅದೇನೆಂದು ವಿಚಾರಿಸುತ್ತವೆ. ಈ ದೊಡ್ಡ ಕಣ್ಣಿನ ಮಸೂರ ತಲೆಯ ಚಿಪ್ಪಿಗೆ ಅಂಟಿಕೊಂಡಿದೆ, ಅಲ್ಲಾಡದು. ಅದರ ಹಿಂದೆ ತಲೆಯೊಳಕ್ಕೆ ಚಾಚಿಕೊಂಡ ಉದ್ದನೆಯ ಕೊಳವೆ, ಕೊಳವೆಯ ಕೊನೆಗೆ ಕಿರಿದಾದ ಅಕ್ಷಿಪಟ. ಆರು ಸ್ನಾಯುಗಳು ಆ ಕೊಳವೆಯನ್ನೇ ಅತ್ತಿತ್ತ ತಿರುಗಿಸುತ್ತವೆ, ಜೇಡ ನೋಟವನ್ನು ಇಷ್ಟಿಷ್ಟೇ ಸವರಿಕೊಂಡು ಹೋಗುತ್ತದೆ. ಭೂತಗನ್ನಡಿ ಹಿಡಿದು ತಾಳ್ಮೆಯಿಂದ ನೋಡಿದರೆ ಕೆಲವು ಜಾತಿಗಳಲ್ಲಿ ಕಣ್ಣಿನ ಬಣ್ಣ ಕಪ್ಪಿನಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ಬದಲಾಗುವುದು ಕಾಣುತ್ತದೆ. ಕಪ್ಪಾಗಿ ಕಂಡ ಗಳಿಗೆಯಲ್ಲಿ ಅದು ನಿಮ್ಮನ್ನೇ ನೋಡುತ್ತಿದೆ.

ನೆಗೆಯಬೇಕಾದರೆ ದೂರ ಗೊತ್ತಿರಬೇಕು. ನಾವು ಎರಡು ಕಣ್ಣುಗಳ ಚಿತ್ರವನ್ನು ಹೋಲಿಸಿ ದೂರ ಅಳೆಯುತ್ತೇವೆ. ಜೇಡಕ್ಕೆ ಒಂದೇ ಕಣ್ಣು ಸಾಕು, ಏಕೆಂದರೆ ಅಕ್ಷಿಪಟ ನಾಲ್ಕು ಪದರಗಳದ್ದು. ಹಸಿರು ಬೆಳಕಿನ ಚಿತ್ರ ಅತಿ ಹಿಂದಿನ ಪದರದಲ್ಲಿ ಸ್ಪಷ್ಟವಾಗಿ ಮೂಡುತ್ತದೆ, ಅದರ ಮುಂದಿನ ಪದರವೂ ಹಸಿರನ್ನು ಗ್ರಹಿಸುತ್ತದೆ, ಆದರೆ ಅಲ್ಲಿ ಚಿತ್ರ ಯಾವಾಗಲೂ ಮಸುಕು. ನೊಣ ಹತ್ತಿರವಾದಷ್ಟೂ ಮಸುಕು ಹೆಚ್ಚು. ಆ ಮಸುಕಿನ ಅಳತೆಯೇ ದೂರದ ಅಳತೆ. ಜಪಾನಿನ ಒಸಾಕಾದ ಸಂಶೋಧಕರು 2012ರಲ್ಲಿ ಇದನ್ನು ತೋರಿಸಿದ ಬಗೆ ಬಹಳ ಚೆಲುವಾದದ್ದು. ಹಸಿರು ಬೆಳಕಿನಲ್ಲಿ ಬೇಟೆ ಬಿಟ್ಟರೆ ಜೇಡ ಸರಿಯಾಗಿ ನೆಗೆದು ಹಿಡಿಯಿತು. ಕೆಂಪು ಬೆಳಕಿನಲ್ಲಿ ಗುರಿ ಮುಟ್ಟದೆ ಈಚೆಗೇ ಬಿದ್ದಿತು. ಕೆಂಪು ಬೆಳಕು ಮಸೂರದಿಂದ ಇನ್ನೂ ಹಿಂದಕ್ಕೆ ಹೋಗಿ ಕೂಡುವುದರಿಂದ ಮಸುಕು ಹೆಚ್ಚಾಗಿ, ಬೇಟೆ ಇರುವುದಕ್ಕಿಂತ ಹತ್ತಿರದಲ್ಲಿದೆ ಎಂದು ಅದಕ್ಕೆ ಅನ್ನಿಸಿತು. ಪ್ರಯೋಗಕ್ಕೆ ಬಳಸಿದ ‘ಹಸಾರಿಯಸ್ ಅಡನ್ಸೋನಿ’ ಬಿಸಿನಾಡುಗಳ ಮನೆಮನೆಯ ಜೇಡ, ನಮ್ಮ ಗೋಡೆಗಳ ಮೇಲೂ ಓಡಾಡಿಕೊಂಡಿರುವಂಥದ್ದು.

ಕತ್ತಲಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಜೇನಿನಂಥ ಹಗಲುಕಣ್ಣು ರಾತ್ರಿಗೆ ಸಾಲದು ಎಂದು ಮೇಲೆ ಬರೆದೆ. ಭೌತಶಾಸ್ತ್ರದ ಪ್ರಕಾರ ಅದು ಸರಿ. ಆದರೂ ಹೆಜ್ಜೇನು ಬೆಳದಿಂಗಳ ರಾತ್ರಿ ಹೂವಿಗೆ ಹೋಗಿ ಬರುತ್ತದೆ. ಹಳೆಯ ಮನೆಗಳ ಪಕ್ಕಾಸಿಗೆ ದುಂಡಗೆ ತೂತು ಕೊರೆಯುವ ದೊಡ್ಡ ಕಪ್ಪು ದುಂಬಿಯನ್ನು ಬಲ್ಲಿರಲ್ಲ, ಅದರ ಬಳಗದ ಒಂದು ಜಾತಿ, ‘ಕ್ಸೈಲೊಕೋಪ ಟ್ರಾಂಕ್ವಿಬಾರಿಕ’, ಇನ್ನೂ ದೂರ ಹೋಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಹೇಮಾ ಸೋಮನಾಥನ್, ಲುಂಡ್‌ನ ಎರಿಕ್ ವಾರಂಟ್ ಜೊತೆಗೂಡಿ, ಮಹಾರಾಷ್ಟ್ರದ ಪಶ್ಚಿಮಘಟ್ಟದ ಭೀಮಾಶಂಕರದಲ್ಲಿ ಈ ದುಂಬಿಗಳನ್ನು ಅಧ್ಯಯನ ಮಾಡಿದರು. ಅದೇ ಕಾಡಿನಲ್ಲಿ ಒಂದು ಜಾತಿ ಹಗಲಿನದು, ಇನ್ನೊಂದು ಮುಸ್ಸಂಜೆಗೂ ಬೆಳದಿಂಗಳಿಗೂ ಹೊಂದಿಕೊಂಡದ್ದು, ಟ್ರಾಂಕ್ವಿಬಾರಿಕ ಮಾತ್ರ ಅಮಾವಾಸ್ಯೆಯ ಕತ್ತಲಲ್ಲೂ ಹಾರುತ್ತದೆ. ಅದರ ಕಣ್ಣು ಬೆಳಕನ್ನು ಕೂಡಿಸುವ ಮಿಂಚುಹುಳುವಿನ ಬಗೆಯದಲ್ಲ, ಜೇನಿನ ಬಗೆಯದೇ. ಬಿಲ್ಲೆಗಳು ದೊಡ್ಡವು, ನೆತ್ತಿಯ ಮೇಲಿನ ಮೂರು ಸರಳ ಕಣ್ಣುಗಳೂ ಹಿಗ್ಗಿವೆ, ಆದರೆ ಮೂಲ ವಿನ್ಯಾಸ ಬದಲಾಗಿಲ್ಲ.

ಅಂಥ ಕಣ್ಣಿನಿಂದ ದಾರಿ ಕಾಣುವುದೇ ಹೆಚ್ಚು ಎಂದುಕೊಳ್ಳುವಾಗ, ಅವರು ಬಣ್ಣವನ್ನೂ ಪರೀಕ್ಷಿಸಿದರು. ಗೂಡಿನ ಬಾಗಿಲನ್ನು ಒಂದು ಬಣ್ಣದಿಂದ ಗುರುತುಮಾಡಿ ದುಂಬಿಗೆ ರೂಢಿ ಮಾಡಿಸಿ, ಆಮೇಲೆ ಬೇರೆ ಬೇರೆ ಬಣ್ಣ ಮತ್ತು ಬೂದು ಛಾಯೆಗಳ ನಡುವೆ ಅದನ್ನು ಇಟ್ಟರು. ಚಂದ್ರನಿಲ್ಲದ ರಾತ್ರಿ, ನಕ್ಷತ್ರಗಳ ಬೆಳಕು ಮಾತ್ರ. ದುಂಬಿ ತಾನು ಕಲಿತ ಬಣ್ಣಕ್ಕೇ ಹೋಗಿ ಇಳಿಯಿತು. 2008ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಷ್ಟು ಬೆಳಕಿನಲ್ಲಿ ಮನುಷ್ಯರ ಕಣ್ಣಿಗೆ ಆ ಬಾಗಿಲುಗಳೆಲ್ಲ ಬರೀ ಬೂದು.